ಎಡಹೆಗಲ ಸಮ್ಮಟಿಗೆ

ಬಬಲೇಶ್ವರದ ನಮ್ಮ ಮನೆಗೆ ಪಡಸಾಲೆ ಎಂಬುದು ಇರಲಿಲ್ಲ. ಉಳಿದವರ ಮನೆಯಲ್ಲಿ ಪಡಸಾಲೆ ಇರುವ ಜಾಗದಲ್ಲಿ ನಮಗೆ ಕುಲುಮೆ ಇತ್ತು. ಹೊಸ್ತಿಲು ದಾಟಿದರೆ ಅಪ್ಪ ಕೂಡುವ ಮಣೆ, ಆ ಮಣೆಯ ಎಡಕ್ಕೆ ಬೆಂಕಿಯ ಗುಂಡಿ ಮತ್ತು ಅದಕ್ಕೆ ಗಾಳಿ ಊದುವ ಚರ್ಮದ ತಿದಿ, ಬಲಕ್ಕೆ ನೀರಿನ ಕಲ್ಲುದೋಣಿ, ಎದುರಿಗೆ ನೆಲದಲ್ಲಿ ಹೂತ ಅಡಿಗಲ್ಲು. ಹೆಸರಿಗೆ ಕಲ್ಲು, ಇದ್ದದ್ದು ಅಪ್ಪಟ ಕಬ್ಬಿಣ. ಮುತ್ತಜ್ಜ ಪೂಜೆ ಮಾಡಿ ಹುಗಿದದ್ದು, ಅದನ್ನು ಅಲುಗಿಸಿದರೆ ಮನೆತನಕ್ಕೆ ಕೇಡು ಎಂದು ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ನೆಂಟರು ಬಂದರೆ ಧೋತರ ಎತ್ತಿ ಹಿಡಿದು ಗೋಡೆಗೆ ಆತುಕೊಂಡು ಒಳಗೆ ಬರಬೇಕು. ಬಿಳಿ ಧೋತರದವರು ನಮ್ಮಲ್ಲಿ ಹೆಚ್ಚು ಹೊತ್ತು ಕೂಡುತ್ತಿರಲಿಲ್ಲ. ಕುಲುಮೆಗೂ ಅಡುಗೆಮನೆಗೂ ನಡುವೆ ಎದೆಯೆತ್ತರದ ಅರೆಗೋಡೆ ಇತ್ತಷ್ಟೇ. ಹೀಗಾಗಿ ಇಲ್ಲಿಯ ಬೂದಿ ಅಲ್ಲಿಯ ರೊಟ್ಟಿಗೂ, ಅಲ್ಲಿಯ ಒಗ್ಗರಣೆಯ ಘಾಟು ಇಲ್ಲಿಯ ಗಿರಾಕಿಗಳ ಮೂಗಿಗೂ ಬರುತ್ತಿತ್ತು. ಬೂದಿ ತಿಂದು ಬೆಳೆದವರ ಹಲ್ಲು ಗಟ್ಟಿ ಎಂದು ಆಯಿ ಸಮಾಧಾನ ಹೇಳುತ್ತಿದ್ದಳು. ಅವಳ ಬಾಯಲ್ಲಿ ಆಗಲೇ ಒಂದು ಹಲ್ಲೂ ಇರಲಿಲ್ಲ.

ನಮ್ಮ ಮನೆಗಳಲ್ಲಿ ಸಮ್ಮಟಿಗೆ ಎತ್ತುವವರು ಹೆಂಗಸರು. ಗಂಡಸು ಅಡಿಗಲ್ಲಿನ ಮುಂದೆ ಕೂತು ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯುತ್ತಾನೆ, ಬಲಗೈಯ ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಒಂದು ಕಡೆ ಕುಟ್ಟಿ ತೋರಿಸುತ್ತಾನೆ. ಎದುರು ನಿಂತ ಹೆಂಗಸು ಅದೇ ಜಾಗದ ಮೇಲೆ ಸಮ್ಮಟಿಗೆಯ ದೊಡ್ಡ ಪೆಟ್ಟು ಹಾಕಬೇಕು. ಅವನು ತೋರಿಸುವುದು, ಇವಳು ಹಾಕುವುದು. ಬಾಯಿಮಾತು ಇಲ್ಲ. ಅವ್ವ ರೊಟ್ಟಿ ಬಡಿದು ಮುಗಿಸಿ, ಸೀರೆ ಮೇಲೆ ಸಿಕ್ಕಿಸಿ, ಹಿಟ್ಟಿನ ಕೈಯನ್ನೇ ಒರೆಸಿಕೊಂಡು ಸಮ್ಮಟಿಗೆ ಹಿಡಿಯುತ್ತಿದ್ದಳು. ಆ ಸದ್ದು ಕೇಳಿಯೇ ನಾನು ಹುಟ್ಟಿದ್ದು, ಆದರೂ ಅದು ನನಗೆ ಎಂದೂ ರೂಢಿಯಾಗಲಿಲ್ಲ. ಪ್ರತಿ ಪೆಟ್ಟಿಗೂ ನಾನು ಅಪ್ಪನ ಕೈ ನೋಡುತ್ತಿದ್ದೆ. ಆ ಕೈ ಇನ್ನೂ ಅಲ್ಲೇ ಇದೆಯೇ ಎಂದು. ಅಡಿಗಲ್ಲಿಗೂ ಅಪ್ಪನ ಮೊಣಕಾಲಿಗೂ ಒಂದು ಗೇಣು ಸಂದು. ಸಮ್ಮಟಿಗೆ ಆ ಗೇಣು ತಪ್ಪಿದರೆ ಏನಾದೀತು ಎಂಬ ಯೋಚನೆ ಊಟ ಮಾಡುವಾಗಲೂ ಬರುತ್ತಿತ್ತು. ಇಂಥ ಅಂಜುಬುರುಕಿಯ ಕೈಗೇ ಸಮ್ಮಟಿಗೆ ಬಂತು.

ಅವ್ವ ಮತ್ತೆ ಬಸಿರಾದಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಸೂಲಗಿತ್ತಿ ಬಂದು ಅವಳ ಹೊಟ್ಟೆ ಮುಟ್ಟಿ ನೋಡಿ, ಇನ್ನು ಸಮ್ಮಟಿಗೆ ಮುಟ್ಟಿದರೆ ನನ್ನನ್ನು ಕರೆಯಬೇಡಿ ಎಂದು ಹೇಳಿ ಹೋದಳು. ಆಯಿಗೆ ಎತ್ತುವ ಕಸುವಿರಲಿಲ್ಲ. ಬಿತ್ತಿಗೆಯ ದಿನ ಹತ್ತಿರ ಬಂದಿದ್ದವು, ಕುಂಟೆಯ ಕುಡಗಳನ್ನು, ಅಂದರೆ ಸವೆದ ಕಬ್ಬಿಣದ ಅಲಗುಗಳನ್ನು, ಹೊತ್ತುಕೊಂಡು ರೈತರು ಬಾಗಿಲಲ್ಲಿ ಕೂತಿದ್ದರು. ಎಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ. ನಮಗೆ ಗೊತ್ತಿದ್ದದ್ದು ಹೊಸ ಕಬ್ಬಿಣ ಸಿಗುವುದಿಲ್ಲ ಎಂಬುದೊಂದೇ, ಹಳೆಯದನ್ನೇ ಕಾಸಿ ಬಡಿದು ಮತ್ತೆ ಜೀವ ಕೊಡಬೇಕಿತ್ತು. ಕನ್ನಡ ಸಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದ ನನ್ನನ್ನು ಬಿಡಿಸಿ ಅಡಿಗಲ್ಲಿನ ಮುಂದೆ ನಿಲ್ಲಿಸಿದರು. ಅಮಾವಾಸ್ಯೆಯ ಮರುದಿನ ಆಯಿ ಅಡಿಗಲ್ಲಿಗೆ ವಿಭೂತಿ ಬಳಿದು, ಕಾಯಿ ಒಡೆದು, ಮೊದಲ ಪೆಟ್ಟು ಹಾಕು ಎಂದಳು. ನಾನು ಸಮ್ಮಟಿಗೆಯನ್ನು ಬಾವಿಯ ಕೊಡದ ಹಾಗೆ ಎಡಸೊಂಟಕ್ಕೆ ಏರಿಸಿ, ಅಲ್ಲಿಂದ ಎಡಹೆಗಲ ಮೇಲೆ ತಂದು, ಮೈಯನ್ನೆಲ್ಲ ತಿರುವಿ ಇಳಿಸಿದೆ. ಯಾರೂ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ನನ್ನ ಮೈ ಅದಾಗಿಯೇ ಹಾಗೆ ತಿರುಗಿತು. ಪೆಟ್ಟು ನಟ್ಟನಡುವೆ ಬಿತ್ತು.

"ಎಡಗೈಲೆ ಎತ್ತಬ್ಯಾಡ ಬೇ! ದೇವಿ ಸಿಟ್ಟಾಗ್ತಾಳ," ಎಂದು ಆಯಿ ಚೀರಿದಳು.

"ಇರ್ಲಿ ಬಿಡ ಯವ್ವಾ," ಎಂದ ಅಪ್ಪ. "ಬೀಳೂ ಜಾಗಾದಾಗ ಬಿದ್ದೈತಲ್ಲ."

ಹೀಗೆ ಕೆಲವು ದಿನ ನಡೆಯಿತು. ನನ್ನ ಗುರಿಯನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅಪ್ಪ ತೋರಿಸಿದ ಕಡೆ ಬಿಟ್ಟು ನನ್ನ ಪೆಟ್ಟು ಬೇರೆ ಕಡೆ ಬೀಳುತ್ತಿರಲಿಲ್ಲ. ತೊಂದರೆ ಇದ್ದದ್ದು ಅದು ಬೀಳುವ ಜಾಗದಲ್ಲಿ ಅಲ್ಲ, ಬರುವ ದಾರಿಯಲ್ಲಿ. ಎಲ್ಲ ಹೆಂಗಸರ ಸಮ್ಮಟಿಗೆಯೂ ಅವರ ಬಲಹೆಗಲಿಂದ, ಅಂದರೆ ಎದುರು ಕೂತವನ ಎಡಗಡೆಯಿಂದ ಇಳಿಯುತ್ತದೆ. ಅಲ್ಲಿ ಇಕ್ಕಳದ ಉದ್ದ ಹಿಡಿಕೆ ಬಿಟ್ಟರೆ ಬೇರೇನೂ ಇರುವುದಿಲ್ಲ. ನನ್ನದು ಅಪ್ಪನ ಬಲಗಡೆಯಿಂದ ಬರುತ್ತಿತ್ತು. ಅವನ ಸುತ್ತಿಗೆ ಅಲ್ಲಿ, ಬಾಗಿದ ತಲೆಯೂ ಅಲ್ಲಿ. ಪ್ರತಿ ಪೆಟ್ಟಿಗೂ ಅವನು ಕುತ್ತಿಗೆ ಸರಿಸಿಕೊಳ್ಳಬೇಕಿತ್ತು. ಅಪ್ಪ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಒಂದು ದಿನ ಮಮದಾಪುರದ ರೈತನೊಬ್ಬ ಬೇಗ ಬೇಗ ಎಂದು ತಲೆಯ ಮೇಲೆ ನಿಂತಿದ್ದ. ಅಪ್ಪ ಕಬ್ಬಿಣದ ಅಂಚು ನೋಡಲು ಎಂದಿಗಿಂತ ಸ್ವಲ್ಪ ಹೆಚ್ಚು ಬಾಗಿದ. ಸಮ್ಮಟಿಗೆ ಅಷ್ಟರಲ್ಲಿ ನನ್ನ ಹೆಗಲು ಬಿಟ್ಟಾಗಿತ್ತು. ಅದು ಅಪ್ಪ ತಲೆಗೆ ಸುತ್ತಿದ ಪಟಗದ ಅಂಚನ್ನು ಸವರಿಕೊಂಡು ಇಳಿಯಿತು.

ಪಟಗ ಬಿಚ್ಚಿ ಅಪ್ಪನ ಹೆಗಲ ಮೇಲೆ ಬಿತ್ತು. ಅರೆಗೋಡೆಯ ಆಚೆ ಅವ್ವ ಎದ್ದು ನಿಂತದ್ದು ಕಂಡಿತು. ಅಪ್ಪ ಪಟಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಮ್ಮೆ ನೋಡಿದ, ಮತ್ತೆ ಸುತ್ತಿಕೊಂಡ, ಸುತ್ತಿಗೆಯಿಂದ ಕುಟ್ಟಿ ತೋರಿಸಿದ. ಹೊಡಿ ಎಂದು. ನಾನು ಹೊಡೆಯಲಾರದೆ ಸಮ್ಮಟಿಗೆ ಕೆಳಗಿಟ್ಟು ಕೂತುಬಿಟ್ಟೆ. ಆ ಕುಡ ಅವತ್ತು ಹಾಗೇ ಉಳಿಯಿತು, ರೈತ ಗೊಣಗುತ್ತ ಹೋದ. ಊಟಕ್ಕೆ ಕೂತಾಗ ಮನೆಯಲ್ಲಿ ಜಗಳ ಹತ್ತಿತು. ನಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ, ಎಲ್ಲವೂ ಬೆನ್ನ ಹಿಂದೆ ಕೇಳುತ್ತಿತ್ತು.

"ಅಕಿನ್ನ ಬಲಗಡೆಗಿ ಹಚ್ಚ್ರಿ," ಎಂದಳು ಅವ್ವ. "ಸಮ್ಮಟಗಿ ಎತ್ತಿದ್ಲಂದ್ರ ನನಗ ಹೊಟ್ಟ್ಯಾಗ ಹಿಂಡಿದಂಗ ಆಗತೈತಿ."

"ನಾ ಮದಲ ಹೇಳಿನ್ಯೊ ಇಲ್ಲೋ?" ಆಯಿಗೆ ಅಷ್ಟೇ ಸಾಕಾಯಿತು. "ಗಿಡ ಇದ್ದಾಗ ಬಗ್ಗಲಿಲ್ಲಂದ್ರ ಮರ ಆದ ಮ್ಯಾಲ ಬಗ್ಗತೈತೇನು? ಇಲ್ಲಿ ನೀ ತಲಿ ಸರಿಸಿ ಉಳದಿ. ಕೊಟ್ಟ ಮನ್ಯಾಗ ಗಂಡ ಸರಸ್ತಾನೇನೋ ಈರಪ್ಪಾ?"

ಅಪ್ಪ ನೀರಿನ ತಂಬಿಗೆ ಕೆಳಗಿಟ್ಟ ಸದ್ದಾಯಿತು. ಅವನು ಮಾತು ಕಡಿಮೆಯ ಮನುಷ್ಯ. ಮಾತಾಡಿದರೆ ಅದು ಹಿಂದೆಯೇ ಯೋಚಿಸಿ ಇಟ್ಟದ್ದೇ ಇರುತ್ತಿತ್ತು.

"ಹೆಗಲು ಬದಲಿ ಮಾಡಬಹುದು ಯವ್ವಾ. ಅಕಿ ಕಣ್ಣು ಆ ಹೆಗಲಿಗಿ ಹೊಂದಿ ಬಿಟ್ಟೈತಿ, ಅದನ್ನ ಹ್ಯಾಂಗ ಬದಲಿ ಮಾಡೂದು? ಈಗ ಸಮ್ಮಟಗಿ ತಪ್ಪು ದಾರೀಲೆ ಬಂದು ಸರಿ ಜಾಗಾಕ ಬೀಳತೈತಿ. ತಿದ್ದಾಕ ಹೋಗಿ ಸರಿ ದಾರೀಲೆ ಬಂದು ತಪ್ಪು ಜಾಗಾಕ ಬಿದ್ರ? ನಾ ಅಂಜೂದು ಅದಕ್ಕ."

ಈ ಮಾತನ್ನು ಅವ್ವ, ಆಯಿ ಇಬ್ಬರೂ ಒಪ್ಪಲಿಲ್ಲ. ಕೊನೆಗೆ ನನ್ನನ್ನು ತಿದ್ದಲು ಅಪ್ಪನನ್ನು ಒಪ್ಪಿಸಿದವನು ನನ್ನ ಸೋದರಮಾವ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅವನದು ಗಾಡಿ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಅಂಗಡಿ. ಊರಲ್ಲಿ ಮೋಟಾರು ಕಂಡವನು ಎಂಬ ಗತ್ತು ಬೇರೆ. ಬಂದವನು ನನ್ನ ಪೆಟ್ಟು ಒಮ್ಮೆ ನೋಡಿ ನಕ್ಕ. ನಗು ಮುಗಿಸಿ, ತಾನು ಬಂದ ಕಾರಣ ಹೇಳಿದ. ತಿಕೋಟಾದಲ್ಲಿ ಒಳ್ಳೆಯ ಮನೆತನವಿದೆ, ಹುಡುಗ ಇದ್ದಾನೆ, ಕುಲುಮೆ ದೊಡ್ಡದು. ಆಗಿನ ಕಾಲಕ್ಕೆ ನನ್ನ ವಯಸ್ಸಿನ ಹುಡುಗಿಯರ ಮದುವೆಯ ಮಾತುಕತೆ ಹಾಗೆಯೇ ನಡೆದುಬಿಡುತ್ತಿತ್ತು, ನನ್ನನ್ನು ಯಾರು ಕೇಳಬೇಕು.

"ಅವ್ರ ಮನ್ಯಾಗ ಒಂದು ರೂಢಿ ಐತ್ರಿ ಭಾವಾರ," ಎಂದ ಮಾವ. "ಹುಡುಗಿ ಮಾರಿ ನೋಡಂಗಿಲ್ಲ. ಹಿರ್ಯಾ ತಾನ ಇಕ್ಕಳ ಹಿಡಕೊಂಡು ಕೂಡತಾನ, ಹುಡುಗಿ ಹೊಡೀಬೇಕು. ನಾಳೆ ಮಗಾ ಅಕಿ ಸಮ್ಮಟಗಿ ಬುಡಕ ಕೂಡಾಂವ, ನೋಡಬೇಕಲ್ರಿ ಮತ್ತ? ಈ ಎಡಚ ಪೆಟ್ಟು ನೋಡಿದ್ರ ಎದ್ದು ಓಡ್ತಾನ. ನಮ್ಮ ಅಂಗಡ್ಯಾಗ ಎಷ್ಟು ಎಡಚರನ್ನ ತಿದ್ದೇನಿ. ನನ್ನ ಕೈಯಾಗ ಕೊಡ್ರಿ."

ತಿದ್ದುವುದೆಂದರೆ ಏನೆಂದು ಮರುದಿನ ತಿಳಿಯಿತು. ಮಾವ ಜಾಲಿಯ ಮುಳ್ಳುಗಳನ್ನು ಮುರಿದು, ಒಂದು ಅರಿವೆಯಲ್ಲಿ ಮಡಿಚಿ, ನನ್ನ ಕುಬಸದ ಎಡಹೆಗಲ ಮೇಲೆ ಹೊಲಿಸಿದ. ಹೊಲಿದವಳು ಆಯಿ. ಸಮ್ಮಟಿಗೆಯ ಹಿಡಿಕೆ ಎಡಹೆಗಲಿಗೆ ತಾಗಿದರೆ ಮುಳ್ಳು ಚುಚ್ಚಬೇಕು, ಮೈ ತಾನಾಗಿಯೇ ಬಲಕ್ಕೆ ಕಲಿಯಬೇಕು. ಹಿತ್ತಲಲ್ಲಿ ಬೇವಿನ ಕೊರಡಿಗೆ ಸುಣ್ಣದ ಬೊಟ್ಟಿಟ್ಟು ಅದರ ಮೇಲೆ ಹೊಡೆಯಲು ಹಚ್ಚಿದರು. ನಾನು ಎತ್ತುವುದು, ಸಮ್ಮಟಿಗೆ ಎಡಕ್ಕೆ ಹೊರಳುವುದು, ಮುಳ್ಳು ನಾಟುವುದು, ನಡುದಾರಿಯಲ್ಲಿ ಬಲಕ್ಕೆ ಎಳೆದುಕೊಳ್ಳುವುದು. ಪೆಟ್ಟು ಕೊರಡಿನ ಅಂಚಿಗೆ ಬಿದ್ದು ಸಿಬಿರು ಹಾರುತ್ತಿತ್ತು. ಬರಬರುತ್ತ ಹೆಗಲು ಬಲಕ್ಕೆ ಬಂತು, ನಿಜ. ನೋಡಲು ಚೆಂದವೂ ಆಯಿತು, ಅವ್ವನ ಹಾಗೆಯೇ ಎತ್ತುತ್ತಾಳೆ ಎಂದು ಆಯಿ ದೃಷ್ಟಿ ತೆಗೆದಳು. ಆದರೆ ಈ ಮೊದಲು ಎತ್ತುವಾಗ ನಾನು ಬೀಳುವ ಜಾಗ ಒಂದನ್ನೇ ನೋಡುತ್ತಿದ್ದೆ. ಈಗ ಯಾವ ಕೈ ಮೇಲೆ, ಯಾವ ಕಾಲು ಮುಂದೆ ಎಂದು ನನ್ನ ಮೈಯನ್ನೇ ನೋಡಿಕೊಳ್ಳಬೇಕಿತ್ತು. ಅಷ್ಟರಲ್ಲಿ ಸಮ್ಮಟಿಗೆ ತನ್ನ ಪಾಡಿಗೆ ಇಳಿದುಬಿಡುತ್ತಿತ್ತು. ಮೊದಲು ನನಗೆ ಸಮ್ಮಟಿಗೆ ಕಂಡರೆ ಅಂಜಿಕೆ ಇತ್ತು, ಈಗ ನನ್ನ ಕೈ ಕಂಡರೆ ಅಂಜಿಕೆ. ಉಣ್ಣುವಾಗ ಆ ಕೈಗಳನ್ನು ನೋಡಿಕೊಂಡು, ನೀವು ಏನು ಮಾಡುತ್ತೀರೋ ಎಂದು ಕೇಳಬೇಕೆನಿಸುತ್ತಿತ್ತು.

ಅವು ಮಾಡಿದ್ದು ಇದು. ಕೊರಡಿನ ಮೇಲೆ ಸಾಕಾಯಿತು, ಇನ್ನು ಬೆಂಕಿಗೆ ಬರಲಿ ಎಂದು, ಅಷ್ಟರಲ್ಲಿ ಅಂಗಡಿಗೆ ಮರಳಿದ್ದ ಮಾವ ವಿಜಯಪುರದಿಂದ ಹೇಳಿ ಕಳಿಸಿದ. ಮಮದಾಪುರದ ಅದೇ ರೈತನ ಉಳಿದುಹೋದ ಕುಡ ಬೆಂಕಿಯಲ್ಲಿ ಕಾಯುತ್ತಿತ್ತು, ಅವನೂ ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಕೆಂಡದ ಬಣ್ಣದ ಕಬ್ಬಿಣ ತಂದು ಅಡಿಗಲ್ಲಿನ ಮೇಲೆ ಇಟ್ಟು ಕುಟ್ಟಿ ತೋರಿಸಿದ. ನಾನು ಬಲಕ್ಕೆ ಎತ್ತಿ, ಎಲ್ಲ ಹೇಳಿಕೊಟ್ಟ ಹಾಗೆಯೇ ಇಳಿಸಿದೆ. ಅದು ಇಕ್ಕಳದ ಬಾಯಿಯ ಮೇಲೆ ಬಿತ್ತು. ಇಕ್ಕಳ ಅಪ್ಪನ ಕೈಯಿಂದ ಹಾರಿತು, ಕುಡ ಮೇಲೆ ಜಿಗಿದು ಅವನ ತೊಡೆಯ ಮೇಲೆ ಬಂದು ಕೂತಿತು. ಸುಟ್ಟ ಧೋತರದ ವಾಸನೆ, ಅದರ ಹಿಂದೆಯೇ ಇನ್ನೊಂದು ವಾಸನೆ. ಅಪ್ಪ ಬರಿಗೈಯಿಂದ ಅದನ್ನು ಕೆಡವಿದ. ಅವ್ವ ತುಂಬಿದ ಹೊಟ್ಟೆ ಹೊತ್ತುಕೊಂಡು ಓಡಿಬಂದು ದೋಣಿಯ ನೀರು ಸುರಿದಳು, ಸುರಿದವಳು ಅಲ್ಲೇ ನೆಲಕ್ಕೆ ಕೂತು ಹೊಟ್ಟೆ ಒತ್ತಿ ಹಿಡಿದುಕೊಂಡಳು. ಆ ದಿನ ಪೂರ್ತಿ ನಮಗೆ ಅಪ್ಪನ ಗಾಯದ ಚಿಂತೆಯೋ ಅವ್ವನ ಹೊಟ್ಟೆಯ ಚಿಂತೆಯೋ ತಿಳಿಯಲಿಲ್ಲ. ಸೂಲಗಿತ್ತಿ ಬಂದು ಕೂಸು ಅಲುಗುತ್ತಿದೆ ಎಂದ ಮೇಲೆಯೇ ಮನೆಯಲ್ಲಿ ಒಲೆ ಹತ್ತಿದ್ದು. ಅಪ್ಪನ ತೊಡೆಗೆ ಆಯಿ ಲೋಳಸರ ಸೀಳಿ ಹಚ್ಚಿದಳು.

ಅಪ್ಪ ರೈತನ ಮುಂದೆ, "ಇಕ್ಕಳ ಜಾರ್ತು ನೋಡಪಾ, ನನ್ನ ಕೈ ಬೆವರಿತ್ತು," ಎಂದ. ನನ್ನ ಕಡೆ ನೋಡಲಿಲ್ಲ.

ಬೈದಿದ್ದರೆ ಸರಿಹೋಗುತ್ತಿತ್ತು. ಆ ಸುಳ್ಳು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಇನ್ನು ಹೊಡೆಯುವುದಿಲ್ಲ ಎಂದು ಅವ್ವನ ಸೆರಗು ಹಿಡಿದುಕೊಂಡೆ. ತಿಕೋಟಾದವರಿಗೆ ಮಾತು ಕೊಟ್ಟಾಗಿತ್ತು, ಬೀಗರಾಗುವವರ ಮುಂದೆ ಈಗ ಹಿಂದೆ ಸರಿಯುವುದು ಹೇಗೆ ಎಂದಳು ಆಯಿ. ಹೊಸ ಕೈ ಒಮ್ಮೆ ತಪ್ಪುತ್ತದೆ, ಅದಕ್ಕೆಂದು ಕಲಿಯುವುದು ಬಿಡುತ್ತಾರೆಯೇ ಎಂದೂ ಕೇಳಿದಳು. ಅವಳ ಮಾತಿನಲ್ಲೂ ತಪ್ಪಿರಲಿಲ್ಲ, ಈಗ ನನಗೂ ಮೊಮ್ಮಕ್ಕಳಿದ್ದಾರೆ, ಗೊತ್ತಾಗುತ್ತದೆ. ಸಮ್ಮಟಿಗೆಯ ಕೆಳಗೆ ಕೂಡುವವನು ಯಾವಾಗಲೂ ಅಪ್ಪನೇ ಆಗಿರುವುದಿಲ್ಲವಲ್ಲ.

ತಿಕೋಟಾದವರು ಮುಂಜಾನೆ ಬಂಡಿ ಕಟ್ಟಿಕೊಂಡು ಬಂದರು. ಹೋಳಿಗೆ ಆಗಿತ್ತು. ಮಾವ ಹಿಂದಿನ ದಿನವೇ ಬಂದು ನನ್ನ ಕುಬಸದ ಮುಳ್ಳು ಬಿಚ್ಚಿಸಿದ್ದ. ಬಿಚ್ಚಿಸಿದರೇನು, ಎಡಹೆಗಲಿಗೆ ಅವು ಇದ್ದ ಹಾಗೆಯೇ ಅನಿಸುತ್ತಿತ್ತು. ಹಿರಿಯನೆಂದರೆ ಹುಡುಗನ ಅಪ್ಪ, ಎತ್ತರದ ಆಳು, ಬಿಳಿ ಮೀಸೆ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅಪ್ಪನ ಮಣೆಯ ಮೇಲೆ ಕೂತು, ನನ್ನನ್ನು ಹತ್ತಿರ ಕರೆದು ಎಡಗೈ ಚಾಚಿದ. ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು, ಉಗುರೇ ಇರಲಿಲ್ಲ.

"ನೋಡಿಕೋ ತಂಗಿ. ಇದು ನಮ್ಮ ಹಿರೇ ಸೊಸಿ ಕೊಟ್ಟ ಕಾಣಿಕಿ," ಎಂದು ನಕ್ಕ. "ನೀ ಏನ ಕೊಡ್ತಿ ನೋಡೂಣು."

ಎಲ್ಲರೂ ನಕ್ಕರು. ಅಪ್ಪ ಗೋಡೆಗೆ ಒರಗಿ ಸುಟ್ಟ ತೊಡೆಯ ಕಾಲನ್ನು ಚಾಚಿಕೊಂಡು ಕೂತಿದ್ದ. ಮಾವ ತಿದಿ ಒತ್ತಿದ. ಕುಡ ಮಾಡಲೆಂದು ಹಳೆಯ ಗಾಲಿಪಟ್ಟಿಯ ತುಂಡೊಂದು ಕಾದು ಅಡಿಗಲ್ಲಿನ ಮೇಲೆ ಬಂತು. ಹಿರಿಯ ಕುಟ್ಟಿ ತೋರಿಸಿದ. ನಾನು ಬಲಕ್ಕೆ ಎತ್ತಿದೆ. ಎತ್ತಿದ್ದೇನೋ ಎತ್ತಿದೆ, ಇಳಿಸಲು ಆಗಲಿಲ್ಲ. ಕಬ್ಬಿಣ ಕಾಣಲಿಲ್ಲ, ಕಂಡದ್ದು ಆ ಹೆಬ್ಬೆರಳು. ಹೊಡಿ ಎಂದು ಮಾವ ಗದರಿದ. ಕಬ್ಬಿಣ ಕೆಂಪಾಗಿ, ಕಪ್ಪಾಗಿ, ತಣ್ಣಗಾಗುತ್ತ ಬಂತು. ನಾನು ಸಮ್ಮಟಿಗೆಯನ್ನು ಬೆನ್ನ ಹಿಂದೆ ನೆಲಕ್ಕೆ ಇಳಿಸಿಬಿಟ್ಟೆ.

"ನಾ ಒಲ್ಲೆರಿ. ನಿಮ್ಮ ಕೈ ಮ್ಯಾಲ ಬೀಳತೈತ್ರಿ."

ಆಯಿ ಹಣೆ ಬಡಿದುಕೊಂಡಳು. ಮಾವ ಏನೇನೋ ಸಮಜಾಯಿಷಿ ಹೇಳಹೋಗಿ, ಹುಡುಗಿ ಮೊದಲು ಎಡಚಿ ಇದ್ದಳು, ಈಗ ತಿದ್ದಿದ್ದೇವೆ ಎಂದು ಬಾಯಿ ಬಿಟ್ಟ. ಹಿರಿಯನ ನಗು ಹೋಯಿತು. ಇಕ್ಕಳವನ್ನು ನೆಲಕ್ಕಿಟ್ಟು ಎದ್ದ.

"ಎಡಚ ಅಂದ್ರ ಮುಗೀತು ಬಿಡ್ರಿ. ಇಂಥಾಕಿ ಎದುರಿಗಿ ಯಾಂವ ಕೂಡತಾನ?"

"ನಾ ಕೂಡತೇನಿ," ಎಂದ ಅಪ್ಪ.

ಕುಂಟುತ್ತ ಬಂದು ತನ್ನ ಮಣೆಯ ಮೇಲೆ ಕೂತ. ತಿದಿ ಒತ್ತು ಎಂದು ಮಾವನಿಗೆ ಸನ್ನೆ ಮಾಡಿದ. ತಣ್ಣಗಾಗಿದ್ದ ಕಬ್ಬಿಣ ಮತ್ತೆ ಬೆಂಕಿಗೆ ಹೋಯಿತು. ಕಾದ ಮೇಲೆ ಅಪ್ಪ ಇಕ್ಕಳವನ್ನು ಬಲಗೈಗೆ ತೆಗೆದುಕೊಂಡ. ಬೆಂಕಿ ಎಡಕ್ಕಿತ್ತು, ಮೈ ತಿರುಚಿಕೊಂಡು ಕಬ್ಬಿಣ ಹೊರತೆಗೆದ. ಸುತ್ತಿಗೆ ಎಡಗೈಗೆ ಹೋಯಿತು.

"ಭಾವಾರ, ಕೈ ಅದಲಿಬದಲಿ ಆಗ್ಯಾವ," ಎಂದ ಮಾವ.

"ಗೊತ್ತೈತಿ. ಹೊಡಿ ಕಾಳವ್ವ. ನಿನ್ನ ಹೆಗಲಲೆ."

ಆಗ ನೋಡಿದೆ. ನನ್ನ ಸಮ್ಮಟಿಗೆ ಬರುವ ಕಡೆ ಈಗ ಇಕ್ಕಳದ ಹಿಡಿಕೆಯ ಹೊರತು ಏನೂ ಇರಲಿಲ್ಲ. ಅಪ್ಪನ ಸುತ್ತಿಗೆ, ತಲೆ, ಪಟಗ ಎಲ್ಲ ಇನ್ನೊಂದು ಬದಿಗೆ ಸರಿದಿದ್ದವು. ಇಷ್ಟು ಸಣ್ಣ ಸಂಗತಿ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ, ಯಾಕೆಂದರೆ ಸಮ್ಮಟಿಗೆಯವಳ ಸಲುವಾಗಿ ಕೂತವನು ಕೈ ಬದಲಿಸುವುದು ಎಂಬುದೇ ನಮ್ಮಲ್ಲಿ ಇರಲಿಲ್ಲ. ನಾನು ಎಡಸೊಂಟಕ್ಕೆ ಏರಿಸಿ, ಎಡಹೆಗಲಿಂದ ತಿರುವಿ ಹೊಡೆದೆ. ಮತ್ತೆ ಹೊಡೆದೆ. ಅಪ್ಪ ತೋರಿಸಿದ ಕಡೆಯೇ ಬಿತ್ತು. ಆದರೆ ತೋರಿಸುವ ಆ ಎಡಗೈ ಎಳೆ ಮಗುವಿನ ಕೈಯ ಹಾಗೆ ಅತ್ತಿತ್ತ ತೊನೆಯುತ್ತಿತ್ತು. ಇಕ್ಕಳದಲ್ಲಿ ಕಬ್ಬಿಣ ಹೊರಳಬೇಕಾದ ಹೊತ್ತಿಗೆ ಹೊರಳಲಿಲ್ಲ. ಸುತ್ತಲ ಊರುಗಳಲ್ಲಿ ಹೆಸರಾದ ಈರಪ್ಪನ ಅಡಿಗಲ್ಲಿನ ಮೇಲೆ, ಬೀಗರ ಕಣ್ಣೆದುರಿಗೆ, ಒಂದು ಸೊಟ್ಟ ಕುಡ ತಯಾರಾಯಿತು.

ಹಿರಿಯ ಅದನ್ನು ಬಗ್ಗಿ ನೋಡಿ, ಅಂಗಿ ತೊಟ್ಟುಕೊಂಡ. ಹೋಳಿಗೆ ಉಣ್ಣಲಿಲ್ಲ. ಅವರ ಬಂಡಿಯ ಹಿಂದೆಯೇ ಮಾವನೂ ಸಿಟ್ಟಿನಿಂದ ವಿಜಯಪುರದ ದಾರಿ ಹಿಡಿದ. ಆಯಿ ಹಿತ್ತಲಿಗೆ ಹೋಗಿ ಅಳುತ್ತ ಕೂತಳು. ನಾನು ಸಮ್ಮಟಿಗೆ ಹಿಡಿದುಕೊಂಡೇ ನಿಂತಿದ್ದೆ, ಅಪ್ಪನ ಮಾನ ಹೋಯಿತು, ನನ್ನಿಂದ ಹೋಯಿತು ಎಂದುಕೊಳ್ಳುತ್ತ. ಅಪ್ಪ ಸೊಟ್ಟ ಕುಡವನ್ನು ಬಲಗೈಯ ಇಕ್ಕಳದಲ್ಲೇ ಎತ್ತಿ ಮತ್ತೆ ಕೆಂಡದೊಳಗೆ ತೂರಿಸಿದ. ಸುತ್ತಿಗೆಯನ್ನು ಎಡಗೈಯಲ್ಲೇ ಉಳಿಸಿಕೊಂಡ. ಅವನ ಹಣೆಯ ಮೇಲೆ ಬೆವರು ಇತ್ತು, ಅದು ಬೆಂಕಿಯ ಬೆವರು ಅಲ್ಲ ಎಂದು ನನಗೆ ಗೊತ್ತಾಯಿತು.

"ನಿನ್ನ ಪೆಟ್ಟು ಎಲ್ಲಾ ಸರಿ ಬಿದ್ದಾವ ಯವ್ವಾ," ಎಂದ. "ಕೆಟ್ಟಿದ್ದು ನನ್ನ ಕೈಲೆ. ನಾ ಕಲಿಯೂತನಕ ಸಾವಕಾಶ ಹೊಡಿ. ನನಗ ಅಂಜಿಕಿ ಬರತೈತಿ."